ಮಾವನವರು ಓದಿದ ತಿರುವುಗಳು

ಮೊನ್ನೆ ಪುಣೆಯ ಹಿಂಜವಾಡಿಯಲ್ಲಿ ನಮ್ಮ ಕಂಪನಿಯ ಕ್ಯಾಬು ನಿಂತಲ್ಲೇ ನಿಂತುಬಿಟ್ಟಿತ್ತು. ಮುಂದೆ ಮಣ್ಣು ಹೊತ್ತ ಲಾರಿಯೊಂದು ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಡ್ರೈವರ್ ಹೇಗಾದರೂ ಮೇಲಕ್ಕೆ ಹತ್ತಿಸಲು ಹೆಣಗುತ್ತಿದ್ದ. ಸುಟ್ಟ ಕ್ಲಚ್ಚಿನ ವಾಸನೆಯೂ ಹಸಿ ಮಣ್ಣಿನ ವಾಸನೆಯೂ ಕೂಡಿ ಒಳಗೆ ಬಂತು. ಕ್ಯಾಬಿನಲ್ಲಿದ್ದ ಹುಡುಗಿಯರು ಮೂಗು ಮುಚ್ಚಿಕೊಂಡು ಗಾಜು ಏರಿಸಿದರು. ನಾನು ನನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿದೆ. ಪಕ್ಕದವಳು ನನ್ನನ್ನು ನೋಡಿದ ರೀತಿಯಲ್ಲೇ ಈ ಮೇಡಂಗೆ ಏನೋ ಆಗಿದೆ ಎಂಬುದು ಗೊತ್ತಾಗುತ್ತಿತ್ತು. ಆಗಲಿ. ಆ ವಾಸನೆ ಬಂದರೆ ನನಗೆ ಒಂದು ಶ್ರಾವಣ ನೆನಪಾಗುತ್ತದೆ, ನನ್ನ ಮಾವನವರು ನೆನಪಾಗುತ್ತಾರೆ. ಅವರು ಹೋಗಿ ಎರಡು ಮಳೆಗಾಲವಾಯಿತು.

ಈಗ ದೊಡ್ಡ ದೊಡ್ಡ ಫ್ಲ್ಯಾಟುಗಳು ಎದ್ದಿರುವ ಆ ಬದಿಯಲ್ಲಿ, ಕಾಸಾರಸಾಯಿ ಕೆರೆಯ ಹಿಂದೆ, ಆಗ ಬರೀ ಕಚ್ಚಾ ರಸ್ತೆ, ಭತ್ತದ ಗದ್ದೆ. ಹತ್ತು ವರ್ಷದ ಹಿಂದಿನ ಮಾತು. ಆ ರಸ್ತೆಯಲ್ಲಿ ನಾನು ರ‍್ಯಾಲಿಯ ಕಾರು ಓಡಿಸಿದ್ದೇನೆ. ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿದವರು ನನ್ನ ಮಾವನವರು. ಇದನ್ನು ಹೇಳಿದರೆ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ, ಬೈಲಹೊಂಗಲದ ನನ್ನ ತವರಿನವರಿಗೂ ಪೂರ್ತಿ ಹೇಳಿಲ್ಲ.

ಮಾವನವರು ಧಾರವಾಡದಿಂದ ಹುಡುಗನಾಗಿದ್ದಾಗ ಪುಣೆಗೆ ಬಂದು ತಳೇಗಾಂವ್ ದಾಭಾಡೆಯ ಕಾರ್ಖಾನೆಯೊಂದರಲ್ಲಿ ನೌಕರಿ ಹಿಡಿದವರು. ಊರೆಲ್ಲ ಅವರಿಗೆ ದೇಸಾಯಿ ಕಾಕಾ ಎನ್ನುತ್ತಿತ್ತು. ಅವರೂ ಕಾರ್ಖಾನೆಯ ಗೆಳೆಯರೂ ಕೂಡಿ ಶುರು ಮಾಡಿದ್ದೇ ಆ ರ‍್ಯಾಲಿ. ಅದಕ್ಕೆ ದೊಡ್ಡದೊಂದು ಹೆಸರಿತ್ತು, ಆದರೆ ಪ್ರಾಯೋಜಕರು ಬದಲಾದ ಹಾಗೆ ಹೆಸರೂ ಬದಲಾಗುತ್ತಿತ್ತು. ಒಂದು ವರ್ಷ ಟಯರಿನವರದು, ಒಂದು ವರ್ಷ ಎಣ್ಣೆಯವರದು. ನಮ್ಮ ಮನೆಯಲ್ಲಿ ಮಾತ್ರ ಅದು ಎಂದಿಗೂ ‘ಶ್ರಾವಣದ ರ‍್ಯಾಲಿ’.

ಕಥೆ ಹೇಳಲು ಕೂತರೆ ಮಾವನವರು ಊಟ ಮರೆಯುತ್ತಿದ್ದರು. ಮೊದಲ ವರ್ಷ ನಾಲ್ಕಾರು ಫಿಯಟ್, ಒಂದೆರಡು ಅಂಬಾಸಡರ್, ಯಾರದೋ ಸೋದರಮಾವನ ಜೀಪು. ಮಳೆಗಾಲದಲ್ಲಿ ಪವನಾ ಅಣೆಕಟ್ಟು ಸುತ್ತಿ, ಗ್ಯಾರೇಜಿಗೆ ಹೋಗದೆ ಯಾರ ಗಾಡಿ ವಾಪಸು ಬರುತ್ತದೆ ಎಂಬ ವಾದದಿಂದ ಹುಟ್ಟಿದ ಸ್ಪರ್ಧೆ ಅದು. ರೇಡಿಯೋ ವಾರ್ತೆ ಕೇಳಿ ಎಲ್ಲರ ಕೈಗಡಿಯಾರ ಸರಿಮಾಡಿಕೊಂಡು ಪೆಟ್ರೋಲ್ ಪಂಪಿನಿಂದ ಹೊರಡುವುದು. ಗೊತ್ತುಮಾಡಿದ ಹೊತ್ತಿಗಿಂತ ತಡವಾದರೂ ಅಂಕ ಹೋಗುತ್ತಿತ್ತು, ಬೇಗ ಬಂದರೂ ಹೋಗುತ್ತಿತ್ತು. ಬೇಗ ಬಂದ ಒಂದು ಜೋಡಿ ಹೊತ್ತು ಕಳೆಯಲು ಹಾದಿಬದಿಯಲ್ಲಿ ಭಜಿ ತಿನ್ನುತ್ತ ಕೂತು ಕೊನೆಗೆ ತಡವಾಗಿಯೇ ಮುಟ್ಟಿತಂತೆ. ಮಾವನವರು ಡ್ರೈವರ್ ಅಲ್ಲ, ಪಕ್ಕದಲ್ಲಿ ಕೂತು ಹಾದಿ ಹೇಳುವ ನ್ಯಾವಿಗೇಟರ್. ಗಾಡಿ ಓಡಿಸುತ್ತಿದ್ದವರು ಅವರ ಜೀವದ ಗೆಳೆಯ ಸಾಠೆ ಕಾಕಾ. ಇಬ್ಬರೂ ಗೆದ್ದ ಮೊದಲ ಬಹುಮಾನ ಒಂದು ಪ್ರೆಶರ್ ಕುಕ್ಕರ್.

“ಇವರು ಜೀವಮಾನಾ ಪೂರ್ತಿ ಓಡಾಡಿ ಮನಿಗೆ ತಂದ ಒಂದು ಉಪಯೋಗದ ವಸ್ತು ಇದು,” ಎಂದು ಅತ್ತೆ ಅದರಲ್ಲಿ ಬೇಳೆ ಬೇಯಿಸುವಾಗಲೆಲ್ಲ ಹೇಳುತ್ತಿದ್ದರು.

ಆಮೇಲೆ ಜಿಪ್ಸಿ ಜೀಪುಗಳು ಬಂದವು, ಹೆಲ್ಮೆಟ್ ಬಂತು, ಗಡಿಯಾರದ ಆಟ ಹೋಗಿ ರಸ್ತೆ ಮುಚ್ಚಿಸಿ ವೇಗದ ಸ್ಪರ್ಧೆ ಬಂತು. ನಾಶಿಕ, ಕೊಯಮತ್ತೂರಿನಿಂದೆಲ್ಲ ಹುಡುಗರು ಬರತೊಡಗಿದರು. ಆದರೂ ಮೊದಲ ವರ್ಷ ಮಾವನವರು ಮಾಡಿದ ಒಂದು ಕಟ್ಟಳೆ ಕೊನೆಯವರೆಗೂ ಉಳಿದಿತ್ತು. ಯಾರ ಗಾಡಿ ಗದ್ದೆಗೆ ಬೀಳುತ್ತದೋ ಅವರು ಆವತ್ತೇ ಆ ಗದ್ದೆಗೆ ಇಳಿದು, ಹಾಳಾದ ಸಸಿಯನ್ನು ತಮ್ಮ ಕೈಯಿಂದ ಮತ್ತೆ ನೆಡಬೇಕು. ದುಡ್ಡು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಇದರಿಂದಾಗಿಯೇ ಸುತ್ತಲಿನ ಹಳ್ಳಿಯವರು ನಮ್ಮ ರ‍್ಯಾಲಿಗೆ ರಸ್ತೆ ಬಿಟ್ಟುಕೊಡುತ್ತಿದ್ದರು. ದೊಡ್ಡ ದೊಡ್ಡ ಉದ್ಯಮಿಗಳ ಮಕ್ಕಳು ಪ್ಯಾಂಟು ಮಡಚಿ ಕೆಸರಿನಲ್ಲಿ ನಿಂತದ್ದನ್ನು ನೋಡಲೆಂದೇ ಜನ ಸೇರುತ್ತಿದ್ದರಂತೆ.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ವೈಭವ ಇಳಿದಿತ್ತು. ವರ್ಷಕ್ಕೊಂದು ಕಚ್ಚಾ ರಸ್ತೆ ಡಾಂಬರು ಕಾಣುತ್ತಿತ್ತು, ವರ್ಷಕ್ಕೊಂದು ಗುಡ್ಡಕ್ಕೆ ಪ್ಲಾಟಿನ ಬೇಲಿ ಬೀಳುತ್ತಿತ್ತು. ನಾನು ಹೇಳುತ್ತಿರುವ ವರ್ಷ, ಇದೇ ಕೊನೆಯದು ಎಂದು ಎಲ್ಲರೂ ಒಳಗೊಳಗೇ ತಿಳಿದಿದ್ದರು. ಅದೇ ವರ್ಷ ಸಾಠೆ ಕಾಕಾ ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡರು. ಅವರಿಬ್ಬರ ಜಿಪ್ಸಿ ಶೆಡ್ಡಿನಲ್ಲಿ ಕೂತಿತು, ಮಾವನವರು ಮನೆಯಲ್ಲಿ ಕೂತರು. ಮನೆಯಲ್ಲಿ ಎಂದರೆ ಅಡುಗೆಮನೆಯಲ್ಲಿ.

ಒಂದು ಸಂಜೆ ಚಹಾದ ಹೊತ್ತಿಗೆ ಅತ್ತೆಗೆ ತಾಳ್ಮೆ ತಪ್ಪಿತು. “ನಾ ಒಗ್ಗರಣಿ ಹಾಕಿದ್ರ ‘ಸಾಸಿವಿ ಸಿಡದಾವು, ಈಗ ಕರಿಬೇವು’ ಅಂತ ಹಿಂದ ನಿಂತು ಓದ್ತಾರ. ಯಾರರ ಇವರನ್ನ ಗಾಡಿಯಾಗ ಕೂಡಿಸ್ಕೊಂಡು ಹೋಗ್ರೆಪಾ.”

“ಡ್ರೈವರ್ ಎಲ್ಲಿದ್ದಾನ?” ಎಂದರು ಮಾವನವರು.

“ಸುಧಾ ಓಡಸ್ತಾಳಲ್ಲ!”

ನಾನು ಓಡಿಸುತ್ತಿದ್ದದ್ದು ನಿಜ. ನನ್ನ ಅಪ್ಪನ ಕಿರಾಣಿ ಅಂಗಡಿಗೆ ಮಾಲು ತರುವ ಜೀಪನ್ನು ಮಳೆಗಾಲದ ಎರೆಮಣ್ಣಿನಲ್ಲಿ ಓಡಿಸಿಯೇ ಕಲಿತವಳು. ಗಾಡಿ ಜಾರಿದರೆ ಗಾಬರಿಯಾಗುವುದಿಲ್ಲ, ಖುಷಿಯಾಗುತ್ತದೆ. ಆದರೆ ಅತ್ತೆ ಅದನ್ನು ಗಮನಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಪ್ರಸಾದ ತಟ್ಟೆಯಿಂದ ಮುಖ ಎತ್ತಲಿಲ್ಲ. ಅಷ್ಟು ದೊಡ್ಡ ನ್ಯಾವಿಗೇಟರನ ಮಗ ಖಂಡಾಲಾ ಘಾಟಿನಲ್ಲಿ ಬಸ್ಸು ತಿರುಗಿದರೆ ವಾಂತಿ ಮಾಡಿಕೊಳ್ಳುವವನು. ಈ ವಿಷಯದಲ್ಲಿ ಮಾತಾಡುವ ಹಕ್ಕು ಅವನಿಗೆ ಇರಲಿಲ್ಲ.

ಮಾವನವರು ನನ್ನನ್ನು ನೋಡಿದರು. “ನಿನಗ ಮನಸ್ಸದೇನವಾ?”

“ಹೂಂ ರಿ,” ಎಂದೆ. ಅಷ್ಟು ಬೇಗ ‘ಹೂಂ’ ಎಂದದ್ದಕ್ಕೆ ನಾಚಿಕೆಯಾಯಿತು.

ಆ ಆಷಾಢವೆಲ್ಲ ರವಿವಾರ ಬೆಳಗಾದರೆ ನಾವಿಬ್ಬರೂ ಹೊರಡುತ್ತಿದ್ದೆವು. ಅತ್ತೆ ಧಪಾಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದರು. ಮೊದಲು ನಿಧಾನವಾಗಿ ರಸ್ತೆ ನೋಡಿಕೊಂಡು ಹೋಗುವುದು. ಪ್ರತಿ ತಿರುವಿಗೂ ಒಂದು ಅಂಕಿ. ಒಂದು ಎಂದರೆ ಗಾಡಿ ನಿಂತಷ್ಟು ಮೆಲ್ಲಗೆ ಹೋಗಬೇಕಾದ ಕಡು ತಿರುವು. ಐದಕ್ಕೂ ಆರಕ್ಕೂ ಎಕ್ಸಲರೇಟರಿನಿಂದ ಕಾಲು ಎತ್ತಬೇಕಿಲ್ಲ, ಆರು ಎಂದರೆ ಬರೀ ಸಣ್ಣ ಬಾಗು. ನಾನು ಅಂಕಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಆಮೇಲೆ ಅದೇ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅವರು ಓದಬೇಕು, ನಾನು ಕೇಳಿದಂತೆ ಓಡಿಸಬೇಕು. ಮಳೆಯಲ್ಲಿ, ಏರಿನ ಆಚೆ, ಡ್ರೈವರಿಗೆ ಏನೂ ಕಾಣುವುದಿಲ್ಲ. ಪಕ್ಕದವರ ದನಿಯೇ ಕಣ್ಣು.

ಆ ದನಿ ಎಂಥದು! ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಅವರ ಧಾರವಾಡದ ಮಾತು ಬೆಚ್ಚಗೆ ಕಿವಿಯಲ್ಲಿ ಬಂದು ಕೂರುತ್ತಿತ್ತು. “ಎಡಕ್ಕ ನಾಕು, ಮುಂದ ಏರು, ಏರಿನ ಮ್ಯಾಲೆ ಬಲಕ್ಕ ಮೂರು, ನೀರದ, ಸಾವಕಾಶ.” ಅವಸರವಿಲ್ಲ, ಕೂಗಾಟವಿಲ್ಲ. ಮನೆಯಲ್ಲಿ ನಾವಿಬ್ಬರೂ ಆಡುತ್ತಿದ್ದದ್ದು ಚಹಾ ಬೇಕೇನ್ರಿ, ಪೇಪರ್ ಬಂತೇನವಾ, ಇಷ್ಟೇ. ಗಾಡಿಯಲ್ಲಿ ಗಂಟೆಗಟ್ಟಲೆ ಅವರು ಹೇಳುವುದು, ನಾನು ಕೇಳುವುದು. ನನಗೆ ಅದು ಬಹಳ ಇಷ್ಟವಾಗಿತ್ತು. ಒಬ್ಬರು ನಮ್ಮ ಮುಂದಿನ ಹಾದಿಯನ್ನು ಇಷ್ಟು ಕಾಳಜಿಯಿಂದ ನೋಡಿ ಹೇಳಿದರೆ ಯಾರಿಗೆ ಇಷ್ಟವಾಗುವುದಿಲ್ಲ?

ಕಾಳಜಿಯೇ ತೊಂದರೆಯಾಯಿತು. ಮೂರನೆಯದೋ ನಾಲ್ಕನೆಯದೋ ರವಿವಾರ, ಒಂದು ದೊಡ್ಡ ಆಲದಮರದ ತಿರುವಿನಲ್ಲಿ ಅವರು “ಎಡಕ್ಕ ನಾಕು” ಎಂದರು. ಆ ಮರದ ಹತ್ತಿರ ಗಾಡಿ ನಿಲ್ಲಿಸಿ ಧಪಾಟಿ ತಿಂದಿದ್ದೆವು, ನಾನೇ ಬಾಯಿಬಿಟ್ಟು ‘ಐದು’ ಎಂದಿದ್ದೆ, ಅವರು ಐದು ಎಂದೇ ಬರೆದದ್ದನ್ನೂ ನೋಡಿದ್ದೆ. ಆಮೇಲೆ ಕಿವಿಯಿಟ್ಟು ಕೇಳಿದೆ. ಎಲ್ಲ ತಿರುವೂ ಹಾಗೆಯೇ. ಬರೆದದ್ದಕ್ಕಿಂತ ಒಂದು ಕಡಿಮೆ. ಐದಕ್ಕೆ ನಾಲ್ಕು, ನಾಲ್ಕಕ್ಕೆ ಮೂರು. ನಾನು ಮೆಲ್ಲಗೆ ಹೋಗಲೆಂದು ಮಾವನವರು ಬಾಯಲ್ಲೇ ರಸ್ತೆಯನ್ನು ಬಗ್ಗಿಸುತ್ತಿದ್ದರು.

ಸಾಠೆ ಕಾಕಾಗೆ ಹೀಗೆ ಓದಿದ್ದರೆ ಅವರು ಅಲ್ಲೇ ಗಾಡಿ ನಿಲ್ಲಿಸಿ ಬೈಯುತ್ತಿದ್ದರು. ನಾನು ಸೊಸೆ. ಮಾವನವರಿಗೆ ‘ನೀವು ಸುಳ್ಳು ಓದಾಕತ್ತೀರಿ’ ಎನ್ನುವುದು ಹೇಗೆ?

ಪ್ರಸಾದನಿಗೆ ಹೇಳಿದೆ. ಅವನು ನಕ್ಕ. “ಅಪ್ಪಾ ನಿನ್ನ ಬಗ್ಗೆ ಅಂಜ್ತಾನ. ಮಂದಿ ಮಗಳು, ಏನರ ಆದ್ರ ಬೀಗರಿಗೆ ಹೆಂಗ ಮಾರಿ ತೋರಸ್ಲಿ ಅಂತ ಮೊನ್ನೆ ಅವ್ವನ ಮುಂದ ಅನ್ನಾಕತ್ತಿದ್ದ.”

“ಹಂಗಾರ ನೀನರ ಹೇಳು.”

“ನಾನಾ? ಗಾಡಿ ವಿಷಯಾ ನಾ ಹೇಳಿದ್ರ ಕೇಳ್ತಾನೇನು?”

ಕೊನೆಗೆ ನಾನು ನನಗೆ ತಿಳಿದ ದಾರಿ ಹಿಡಿದೆ. ಹಿರಿಯರ ಮಾತಿಗೆ ಎದುರು ಆಡಬಾರದು, ಆದರೆ ನಮ್ಮ ಕೆಲಸವೂ ಕೆಡಬಾರದು. ಅತ್ತೆ ಉಪ್ಪು ಸಾಕು ಎಂದರೆ ಹೂಂ ಎಂದು, ಅವರು ಆಚೆ ಹೋದ ಮೇಲೆ ಚಿಟಿಕೆ ಹಾಕುವುದಿಲ್ಲವೇ, ಹಾಗೆ. ಅವರು ಮೂರು ಎಂದರೆ ನಾನು ಮನಸ್ಸಿನಲ್ಲಿ ನಾಲ್ಕು ಮಾಡಿಕೊಳ್ಳುತ್ತಿದ್ದೆ. ಇನ್ನೊಂದು ರವಿವಾರ ಕಳೆಯುವುದರೊಳಗೆ ಅದು ಅಭ್ಯಾಸವಾಗಿ ಹೋಯಿತು. ಲೆಕ್ಕ ಹಾಕುವುದೂ ಬೇಕಾಗಲಿಲ್ಲ, ಕಾಲೇ ಕೂಡಿಸಿಕೊಳ್ಳುತ್ತಿತ್ತು. ನಮ್ಮ ವೇಗ ಹೆಚ್ಚಿತು. ಮಾವನವರಿಗೆ ಎಲ್ಲಿಲ್ಲದ ಆನಂದ.

“ನೋಡು, ನಮ್ಮ ಜೋಡಿ ಹೆಂಗ ಕೂಡಿ ಬಂತು!” ಎಂದು ಅತ್ತೆಗೆ ಹೇಳಿದರು. ನಾನು ತಲೆ ತಗ್ಗಿಸಿಕೊಂಡು ರೊಟ್ಟಿ ತಿಂದೆ.

ಶ್ರಾವಣ ಬಂತು, ರ‍್ಯಾಲಿ ಬಂತು. ಎರಡು ದಿನದ ಸ್ಪರ್ಧೆ, ಒಂದೊಂದು ರಸ್ತೆ ಒಂದೊಂದು ಹಂತ. ಊರಿಗೆ ಊರೇ ಮಳೆಯಲ್ಲಿ ನಿಂತಿತ್ತು. ಹೊರಡುವ ಜಾಗದಲ್ಲಿ ಹಳಬರೆಲ್ಲ ಮಾವನವರ ಕೈ ಕುಲುಕಿ, ಮರಾಠಿಯಲ್ಲಿ “ಕಾಕಾ, ಸೂನ್‌ಬಾಯಿ?” ಎಂದು ಹುಬ್ಬೇರಿಸಿ ನನ್ನನ್ನು ನೋಡುತ್ತಿದ್ದರು. ಮಾವನವರು “ಹೋ, ಸೂನ್‌ಬಾಯಿ,” ಎಂದು ಎದೆಯುಬ್ಬಿಸಿ ಹೇಳಿದರು. ಸೊಸೆ ಎಂಬ ಆ ಮಾತನ್ನು ಅಷ್ಟು ಹೆಮ್ಮೆಯಿಂದ ಯಾರಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಆಸೆ ದೊಡ್ಡದೇನಲ್ಲ. ಗೆಲ್ಲಲು ಹುಡುಗರಿದ್ದರು. ಇಬ್ಬರೂ ಕೂಡಿ ಈ ರ‍್ಯಾಲಿಯನ್ನು ಒಮ್ಮೆ ಪೂರ್ತಿ ಮುಗಿಸಬೇಕು. ಮುಂದಿನ ವರ್ಷ ಇರುವುದಿಲ್ಲ. ಅವರ ಬದುಕಿನ ಅರ್ಧ ಆ ಸೀಟಿನಲ್ಲಿ ಕಳೆದಿತ್ತು. ಅದು ಅರ್ಧ ಹಾದಿಯಲ್ಲಿ ಮುಗಿಯಬಾರದು ಎಂಬುದು ನನ್ನ ಹಟ.

ಮೊದಲ ಎರಡು ಹಂತ ಚೆನ್ನಾಗಿ ಹೋದವು. ಎರಡನೆಯದು ಮುಗಿದಾಗ ಮಾವನವರು ಹೆಲ್ಮೆಟ್ ತೆಗೆದು ಒಂದು ಗಳಿಗೆ ನನ್ನನ್ನೇ ನೋಡಿ, “ಭಾಳ ಛಲೋ ಓಡಸ್ತಿ, ಸುಧಾ,” ಎಂದರು. ಆ ನೋಟದಲ್ಲಿ ಏನೋ ನಿಶ್ಚಯವಾದಂತಿತ್ತು. ಏನೆಂದು ನನಗೆ ಆಗ ತಿಳಿಯಲಿಲ್ಲ.

ಮೂರನೆಯದು ಕಾಸಾರಸಾಯಿಯ ಹಿಂದಿನ ರಸ್ತೆ. ಹೊರಟು ಒಂದೆರಡು ತಿರುವು ದಾಟುವಷ್ಟರಲ್ಲೇ ಗಾಡಿ ಬೇಕಾದ್ದಕ್ಕಿಂತ ಅಗಲವಾಗಿ ಹೊರಳುತ್ತಿದೆ ಅನಿಸಿತು. ಮಳೆ ಜೋರಾಗಿದೆ, ಕೆಸರು ಹೆಚ್ಚಿದೆ ಅಂದುಕೊಂಡೆ. “ಬಲಕ್ಕ ಮೂರು,” ಎಂದಿತು ಕಿವಿಯಲ್ಲಿ ಆ ದನಿ. ನಾನು ನಾಲ್ಕರ ವೇಗದಲ್ಲಿ ಹೋದೆ. ತಿರುವು ನಿಜವಾಗಿಯೂ ಮೂರೇ ಇತ್ತು. ಜಿಪ್ಸಿ ಅಡ್ಡಡ್ಡ ಜಾರಿ, ಬದು ಹಾರಿ, ಭತ್ತದ ಗದ್ದೆಯಲ್ಲಿ ಮೂಗೂರಿ ನಿಂತಿತು. ಇಂಜಿನ್ ಸತ್ತಿತು. ಕಾಲಡಿಯಲ್ಲಿ ತಣ್ಣಗಿನ ನೀರು ಏರಿತು.

“ಲಾಗ್ಲಂ ಕಾ ಗ ಬಾಯಿ?” ಸಸಿ ನೆಡುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಕಿಟಕಿಯಲ್ಲಿ ಬಗ್ಗಿ ಪೆಟ್ಟಾಯಿತೇ ಎಂದು ಕೇಳಿದಳು. ಇಬ್ಬರಿಗೂ ಏನೂ ಆಗಿರಲಿಲ್ಲ. ಹೆಲ್ಮೆಟ್ ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ಆದರೆ ಉಸಿರು ಕಿವಿಯಲ್ಲೇ ಕೇಳುತ್ತಿತ್ತು.

“ಮೂರು ಅಂದಿದ್ನೆಲ್ಲವಾ,” ಎಂದರು ಮಾವನವರು, ಬಹಳ ಮೆಲ್ಲಗೆ.

“ನೀವು ಮೂರು ಅಂದ್ರ ನಾಕಲ್ಲೇನ್ರಿ?” ಬಾಯಿಂದ ಜಾರಿಹೋಯಿತು.

ಅವರು ನನ್ನ ಕಡೆ ತಿರುಗಿದರು. ಜಿಪ್ಸಿಯ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

“ಅಂದ್ರ ನಿನಗ ಗೊತ್ತಿತ್ತು.”

“ಹೂಂ ರಿ.”

“ಯಾವಾಗಿಂದ?”

“ಆಲದ ಮರದ ರವಿವಾರದಿಂದ.”

“ಹೇಳಬಾರದಾಗಿತ್ತೇನು?”

“ನಿಮಗ ಹೆಂಗ ಹೇಳ್ಲಿ ಮಾವಾರ?”

ಅವರು ಉಸಿರು ಬಿಟ್ಟರು. “ನೀ ಇಷ್ಟು ಛಲೋ ಓಡಸೋದು ನೋಡಿ ನನಗs ನಾಚಿಕಿ ಆತು. ಇಂಥಾಕಿಗೆ ಸುಳ್ಳು ಓದಬಾರದು ಅಂತ ಈ ಹಂತದಿಂದ ಖರೇ ಓದಾಕ ಹತ್ತಿದ್ದೆ. ಮೊದಲ ಸುಳ್ಳು ಓದ್ತಿದ್ದೆ ಅಂತ ನಿನಗ ಹೆಂಗ ಹೇಳ್ಲಿ?”

ಇದನ್ನು ಕೇಳಿ ನನಗೆ ಅಳು ಬಂತು. ಬೀಳಬೇಕಾದರೆ ಬೇರೆಯವರೆಲ್ಲ ಬ್ರೇಕು ಕೈಕೊಟ್ಟು ಬೀಳುತ್ತಾರೆ, ಟಯರು ಒಡೆದು ಬೀಳುತ್ತಾರೆ. ನಾವು ಮರ್ಯಾದೆ ಮಾಡಿಕೊಳ್ಳುತ್ತ ಗದ್ದೆಗೆ ಬಿದ್ದಿದ್ದೆವು.

ಟ್ರ್ಯಾಕ್ಟರ್ ತಂದು ಗಾಡಿ ಎಳೆದರು. ಬಂಪರ್ ಮುರಿದಿತ್ತು, ಉಳಿದದ್ದು ಗಟ್ಟಿಯಿತ್ತು. ದಂಡದ ಸಮಯ ಹಾಕಿಸಿಕೊಂಡು ಮರುದಿನ ಮತ್ತೆ ಹೊರಡಬಹುದಿತ್ತು. ಆದರೆ ಮೊದಲು ಕಟ್ಟಳೆ. ಮಾವನವರು ಪ್ಯಾಂಟು ಮಡಚಿದರು, ನಾನು ದುಪಟ್ಟಾ ಬಿಗಿದೆ. ತಾವೇ ಮಾಡಿದ ನಿಯಮಕ್ಕೆ ಮಾವನವರು ತಾವೇ ಸಿಕ್ಕಿದ್ದು ಇಷ್ಟು ವರ್ಷದಲ್ಲಿ ಅದೇ ಮೊದಲಂತೆ. ಸುದ್ದಿ ಹರಡಿ ಹಳಬರೆಲ್ಲ ಛತ್ರಿ ಹಿಡಿದು ಬದುವಿನ ಮೇಲೆ ನಿಂತರು. ಗದ್ದೆಯ ಹೆಂಗಸು ಸಸಿಯ ಕಟ್ಟು ಕೈಗಿತ್ತು, ಸಾಲು ತೋರಿಸಿ, ನಾವು ಸೊಟ್ಟಗೆ ನೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ನೆಡಿಸಿದಳು.

ಬಗ್ಗಿದಲ್ಲಿಂದಲೇ ಮಾವನವರು ಹೇಳಿದರು, “ನಾಳೆ ನಾ ಕೂಡೂದಿಲ್ಲ, ಸುಧಾ. ಬ್ಯಾರೆ ಯಾರನ್ನರ ಕೂಡಿಸ್ಕೊ. ನಿನ್ನ ಮ್ಯಾಲೆ ಜೀವ ಇಟ್ಟಾಂವ ನಿನಗ ನ್ಯಾವಿಗೇಟರ್ ಆಗಬಾರದು.”

ಎದುರು ಮಾತಾಡದ ಸೊಸೆಯಾಗಿರುವುದು ನನಗೆ ಅಂದಿಗೆ ಸಾಕಾಯಿತು. ಕೈಯಲ್ಲಿ ಸಸಿ ಹಿಡಿದು ನೆಟ್ಟಗೆ ನಿಂತೆ. “ನಾ ಬ್ಯಾರೆಯವರ ಕೂಡ ಹೋಗೂದಿಲ್ರಿ. ನೀವು ಅಂಜ್ಕೋತs ಓದ್ರಿ, ಅಡ್ಡಿಯಿಲ್ಲ. ಆದ್ರ ಬರದದ್ದನ್ನ ಬರದಂಗ ಓದ್ರಿ. ನಾನೂ ಇನ್ನ ಏನೂ ಕೂಡಸೂದಿಲ್ಲ, ನಿಮ್ಮಾಣಿ.”

ಬದುವಿನ ಮೇಲಿಂದ ಅತ್ತೆಯ ದನಿ ಕೇಳಿತು. ಪ್ರಸಾದನನ್ನು ಕರೆದುಕೊಂಡು ಯಾವಾಗ ಬಂದಿದ್ದರೋ. “ಹೂಂ ಅನ್ರಿ ಸುಮ್ಮನ! ಸೊಸಿ ಮೊದಲನೇ ಸಲ ಜೋರಾಗಿ ಮಾತಾಡ್ಯಾಳ.”

ಮಾವನವರು ಹೂಂ ಎಂದರು. ಕೆಸರಿನ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕೆಸರು ಮಾಡಿಕೊಂಡರು.

ಮರುದಿನ ಅವರು ಓದಿದ ಪ್ರತಿ ಅಂಕಿಯನ್ನೂ ಹಾಗೆಯೇ ತೆಗೆದುಕೊಂಡೆ. ಮೊದಲಿನ ಕೆಲವು ತಿರುವುಗಳಲ್ಲಿ ಕಾಲು ತಾನಾಗಿ ಕೂಡಿಸಲು ಹೋಗುತ್ತಿತ್ತು, ಅದನ್ನು ಹಿಡಿದೆ. ಮೂರು ಎಂದರೆ ಮೂರು. ಹೋಗುತ್ತ ಹೋಗುತ್ತ ರಸ್ತೆ ಮಾತು ಕೇಳತೊಡಗಿತು. ಕೊನೆಯ ಹಂತದ ಕೊನೆಗೆ ಒಂದು ಏರು ಇತ್ತು. ಏರಿನ ನೆತ್ತಿಯಲ್ಲೇ ತಿರುವು, ಆಚೆ ಇಳಿಜಾರಿನ ಕೆಳಗೆ ಕೆರೆಯ ನೀರು. ಹತ್ತುವಾಗ ಮುಂದೆ ಕಾಣುವುದು ಬರೀ ಮೋಡ. ರಸ್ತೆ ನೋಡಿಬಂದ ದಿನ ಆ ತಿರುವಿಗೆ ನಾನು ಐದು ಎಂದಾಗ ಮಾವನವರ ಪೆನ್ನು ಬಹಳ ಹೊತ್ತು ನಿಂತಿತ್ತು.

“ಏರು,” ಎಂದರು ಅವರು. “ಏರಿನ ಮ್ಯಾಲೆ ಎಡಕ್ಕ…”

ದನಿ ನಿಂತಿತು. ಗಾಡಿ ಹತ್ತುತ್ತಲೇ ಇತ್ತು. ನನ್ನ ಕಾಲು ಎತ್ತುವುದಕ್ಕೂ ಎತ್ತದಿರುವುದಕ್ಕೂ ಅವರ ಒಂದು ಮಾತು ಬೇಕಾಗಿತ್ತು. ಅವರ ಉಸಿರು ಮಾತ್ರ ಕಿವಿಗೆ ಕೇಳುತ್ತಿತ್ತು. ನಾನು ಏನನ್ನೂ ಊಹಿಸಲಿಲ್ಲ, ಕಾದೆ.

“ಐದು,” ಎಂದರು.

ಕಾಲು ಎತ್ತಲಿಲ್ಲ. ನೆತ್ತಿ ದಾಟಿದಾಗ ಹೊಟ್ಟೆ ಒಮ್ಮೆ ಹಗುರಾಯಿತು, ಗಾಡಿ ಎಡಕ್ಕೆ ವಾಲಿ, ಕೆರೆಯ ನೀರು ಬಲಗಡೆ ಬೆಳ್ಳಗೆ ಹಾದುಹೋಗಿ, ಮುಂದೆ ನೆಟ್ಟಗಿನ ರಸ್ತೆ ತೆರೆದುಕೊಂಡಿತು. ಐದೇ ಇತ್ತು ಅದು. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಪಟ್ಟಿಯಲ್ಲಿ ನಮ್ಮ ಹೆಸರು ಬಹಳ ಕೆಳಗಿತ್ತು. ಆದರೆ ಮುಗಿಸಿದವರ ಪಟ್ಟಿಯಲ್ಲಿತ್ತು. ಮುಂದಿನ ವರ್ಷ ರ‍್ಯಾಲಿ ನಡೆಯಲಿಲ್ಲ, ಆಮೇಲೂ ನಡೆಯಲಿಲ್ಲ.

ಅಂದು ಸಂಜೆ ಮುರಿದ ಬಂಪರ್ ಹಗ್ಗದಲ್ಲಿ ಕಟ್ಟಿಕೊಂಡು ತಳೇಗಾಂವ್‌ಗೆ ಹೊರಟೆವು. ಮಳೆ ಸಣ್ಣಗಾಗಿತ್ತು. ಮಾವನವರು ಏನೋ ಹೇಳುತ್ತಿದ್ದರು, ಮಾತು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದೆ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಕೈಗಳು ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು.

ಮನೆಯ ಗೇಟಿನ ಮುಂದೆ ನಿಲ್ಲಿಸಿದಾಗ ಅತ್ತೆ ಹೊರಗೆ ಬಂದರು. ಕಿಟಕಿಯಲ್ಲಿ ಬಗ್ಗಿ ನೋಡಿ, ಸೆರಗನ್ನು ಬಾಯಿಗೆ ಹಿಡಿದು ನಿಂತುಬಿಟ್ಟರು.

“ಸಾಠೆ ಪಕ್ಕಕ್ಕ ಕೂತು ಅಷ್ಟು ವರ್ಷ ತಿರಗ್ಯಾರ,” ಎಂದರು ಪಿಸುದನಿಯಲ್ಲಿ. “ಎಂದೂ ಕಣ್ಣು ಮುಚ್ಚಿದವರಲ್ಲ. ಲಗ್ನದ ಗಾಡಿಯಾಗೂ ಡ್ರೈವರಗ ಹಾದಿ ಹೇಳಕೋತ ಬಂದವರು ಇವರು.” ಎಬ್ಬಿಸಲು ಕೈ ಚಾಚಿದರು.

“ಬ್ಯಾಡ್ರಿ ಅತ್ಯಾರ,” ಎಂದೆ. “ಮಲ್ಕೊಳ್ಳಿ ಬಿಡ್ರಿ ಅವರು.”

ಸದ್ದಾಗದಂತೆ ಗೇರ್ ಹಾಕಿ, ಗೇಟು ದಾಟಿ, ಕಾಲೋನಿಯ ಸುತ್ತ ಇನ್ನೊಂದು ಸುತ್ತು ಹೊರಟೆ.